ಹುಲ್ಲು ಮುಚ್ಚಿದ ಬಾವಿ



ಈ ಪುಟದಲ್ಲಿ ನಾವು ಹೆಚ್ಚಾಗಿ ಸಂತರ ಜೀವನವನ್ನೋ ಹಬ್ಬದ ಹಿನ್ನೆಲೆಯನ್ನೋ ಬರೆಯುತ್ತೇವೆ. ಈ ಸಲ ಒಂದು ಜಪಾನಿ ಕಾದಂಬರಿಯ ಬಗ್ಗೆ ಬರೆಯುತ್ತಿದ್ದೇವೆಂದರೆ ಕೆಲವರು ಹುಬ್ಬೇರಿಸಬಹುದು. ಸ್ವಾಮಿಗಳಿಗೆ ಕಾದಂಬರಿ ಓದುವಷ್ಟು ಪುರುಸೊತ್ತು ಇದೆಯೇ ಎಂದು ಕೇಳಲೂಬಹುದು. ಪುರುಸೊತ್ತು ಇರಲಿಲ್ಲ. ಪುಸ್ತಕ ಕೊಟ್ಟವಳು ಬಿಡಲಿಲ್ಲ.

ನಾವು ಹಿಂದೆ ಸೇವೆಯಲ್ಲಿದ್ದ ಧರ್ಮಕೇಂದ್ರದ ಹುಡುಗಿ ಅವಳು. ಪರಮಪ್ರಸಾದ ಮೊದಲ ಸಲ ನಮ್ಮ ಕೈಯಿಂದಲೇ ಸ್ವೀಕರಿಸಿದವಳು, ಈಗ ದೊಡ್ಡ ನಗರದಲ್ಲಿ ಕೆಲಸದಲ್ಲಿದ್ದಾಳೆ. ರಜೆಗೆ ಊರಿಗೆ ಬಂದವಳು ನಮ್ಮನ್ನು ನೋಡಲು ಇಲ್ಲಿಗೂ ಬಂದಳು. ಕಾಫಿ ಕುಡಿದು, ಊರವರ ಸುದ್ದಿಯೆಲ್ಲ ಹೇಳಿ, ಹೊರಡುವಾಗ ಬ್ಯಾಗಿನಿಂದ ಒಂದು ಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು. "ಓದಿ ಸ್ವಾಮಿ. ಆಮೇಲೆ ಫೋನ್ ಮಾಡಿ" ಎಂದಳು. ಅಷ್ಟೇ. ಪುಸ್ತಕದ ಮೂಲೆಗಳು ಸುತ್ತಿಹೋಗಿದ್ದವು. ತುಂಬ ಸಲ ಓದಿದ ಪುಸ್ತಕ ಎಂದು ನೋಡಿದರೇ ಗೊತ್ತಾಗುತ್ತಿತ್ತು.

ಹೆಸರು 'ನಾರ್ವೇಜಿಯನ್ ವುಡ್'. ಬರೆದವರು ಹರುಕಿ ಮುರಕಾಮಿ, 1949ರಲ್ಲಿ ಕ್ಯೋಟೋದಲ್ಲಿ ಹುಟ್ಟಿದವರು. ಜಪಾನಿ ಭಾಷೆಯಲ್ಲಿ ಇದು 1987ರಲ್ಲಿ ಎರಡು ಸಂಪುಟಗಳಾಗಿ ಬಂತು, ಒಂದಕ್ಕೆ ಕೆಂಪು ಹೊದಿಕೆ, ಇನ್ನೊಂದಕ್ಕೆ ಹಸಿರು. ಅಲ್ಲಿನ ಯುವಜನರು ಮುಗಿಬಿದ್ದು ಕೊಂಡರು. ನಾವು ಓದಿದ್ದು ಜೇ ರೂಬಿನ್ ಅವರು 2000ದಲ್ಲಿ ಮಾಡಿದ ಇಂಗ್ಲಿಷ್ ಅನುವಾದ. ಶೀರ್ಷಿಕೆ ಬೀಟಲ್ಸ್ ತಂಡದವರ 1965ರ ಒಂದು ಹಾಡಿನದು. ನಮ್ಮ ದೇಶದ ಸಿತಾರ್ ವಾದ್ಯವನ್ನು ಜಾರ್ಜ್ ಹ್ಯಾರಿಸನ್ ನುಡಿಸಿದ ಹಾಡು ಎಂದರೆ ಹಿರಿಯರಲ್ಲಿ ಕೆಲವರಿಗಾದರೂ ನೆನಪಾಗಬಹುದು.

ಮೊದಲೇ ಒಂದು ಮಾತು ಹೇಳಿಬಿಡುತ್ತೇವೆ. ಇದು ಮನೆಯ ಮಕ್ಕಳ ಕೈಗೆ ಕೊಡುವ ಪುಸ್ತಕವಲ್ಲ. ಗಂಡು ಹೆಣ್ಣಿನ ಸಂಬಂಧವನ್ನು ಲೇಖಕರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ನಾವು ಒಪ್ಪದ ನಡತೆ ಇದರಲ್ಲಿ ಬೇಕಾದಷ್ಟಿದೆ. ಕೆಲವು ಪುಟಗಳನ್ನು ಬೇಗ ಬೇಗ ಮಗುಚಿದ್ದೂ ಉಂಟು. ಆದರೂ ಪುಸ್ತಕ ಮುಚ್ಚಿಟ್ಟ ಮೇಲೆ ಎರಡು ರಾತ್ರಿ ನಮಗೆ ಸರಿಯಾಗಿ ನಿದ್ದೆ ಬರಲಿಲ್ಲ. ಯಾಕೆ ಎಂಬುದನ್ನು ಮುಂದೆ ಹೇಳುತ್ತೇವೆ.

ಕತೆ ಹೀಗಿದೆ. ನವೆಂಬರ್ ತಿಂಗಳ ಮಳೆಯಲ್ಲಿ ಒಂದು ವಿಮಾನ ಜರ್ಮನಿಯ ಹ್ಯಾಂಬರ್ಗಿನಲ್ಲಿ ಇಳಿಯುತ್ತದೆ. ಅದರಲ್ಲಿ ಕೂತ 37 ವರ್ಷದ ವತನಬೆ ಎಂಬಾತನಿಗೆ ಧ್ವನಿವರ್ಧಕದಲ್ಲಿ ಆ ಹಾಡು ಕೇಳಿಸುತ್ತದೆ. ಕೇಳಿದ ಕೂಡಲೇ ಅವನು ತಲೆ ಬಗ್ಗಿಸಿ ಮುಖ ಮುಚ್ಚಿಕೊಳ್ಳುತ್ತಾನೆ. ವಿಮಾನದ ಪರಿಚಾರಿಕೆ ಹತ್ತಿರ ಬಂದು ಹುಷಾರಿಲ್ಲವೇ ಎಂದು ವಿಚಾರಿಸುತ್ತಾಳೆ. 18 ವರ್ಷದ ಹಿಂದೆ, 1969ರ ಶರತ್ಕಾಲದಲ್ಲಿ, ನಾವೊಕೊ ಎಂಬ ಹುಡುಗಿಯ ಜೊತೆ ಹುಲ್ಲುಗಾವಲಿನಲ್ಲಿ ನಡೆದದ್ದು ಅವನ ಕಣ್ಣ ಮುಂದೆ ಬರುತ್ತದೆ.

ನಾವೊಕೊ ಅವನ ಗೆಳೆಯ ಕಿಜುಕಿಯ ಪ್ರೇಯಸಿಯಾಗಿದ್ದವಳು. ಅವಳೂ ಕಿಜುಕಿಯೂ ಮೂರು ವರ್ಷದ ಕೂಸುಗಳಾಗಿದ್ದಾಗಿನಿಂದ ಕೂಡಿ ಆಡಿದವರು. ಕಿಜುಕಿ 17ನೇ ವಯಸ್ಸಿನಲ್ಲಿ ಒಂದು ದಿನ ಮಧ್ಯಾಹ್ನ ವತನಬೆಯ ಜೊತೆ ಬಿಲಿಯರ್ಡ್ಸ್ ಆಡಿ, ಆ ರಾತ್ರಿ ಪ್ರಾಣ ಕಳೆದುಕೊಂಡ. ಚೀಟಿ ಬರೆದಿಡಲಿಲ್ಲ, ಕಾರಣ ತಿಳಿಯಲಿಲ್ಲ. ಹೇಗೆ ಎಂಬುದನ್ನು ಲೇಖಕರು ಬರೆದಿದ್ದಾರೆ, ನಾವು ಬರೆಯುವುದಿಲ್ಲ. ಅದು ಯಾರಿಗೂ ಬೇಕಾದ ವಿವರವಲ್ಲ.

ಮುಂದೆ ವತನಬೆ ಟೋಕಿಯೋದ ವಿಶ್ವವಿದ್ಯಾಲಯ ಸೇರುತ್ತಾನೆ. ಒಂದು ಭಾನುವಾರ ರೈಲಿನಲ್ಲಿ ಆಕಸ್ಮಿಕವಾಗಿ ನಾವೊಕೊ ಸಿಗುತ್ತಾಳೆ. ಇಬ್ಬರೂ ಯೊತ್ಸುಯಾ ನಿಲ್ದಾಣದಲ್ಲಿ ಇಳಿದು ಪಕ್ಕದ ಏರಿಯ ಮೇಲೆ ನಡೆಯತೊಡಗುತ್ತಾರೆ. ಈ ಯೊತ್ಸುಯಾ ಎಂಬ ಹೆಸರು ಓದಿ ನಾವು ತಡೆದು ನಿಂತೆವು. ಯೇಸುಸಭೆಯವರು 1913ರಲ್ಲಿ ಸ್ಥಾಪಿಸಿದ ಸೋಫಿಯಾ ವಿಶ್ವವಿದ್ಯಾಲಯ ಅದೇ ಏರಿಯ ಪಕ್ಕದಲ್ಲಿದೆ, ಸಂತ ಇಗ್ನೇಷಿಯಸರ ದೇವಾಲಯವೂ ಅಲ್ಲೇ. ಆ ಇಬ್ಬರು ಗಂಟೆ ಹೊಡೆಯುವ ಗೋಪುರದ ಅಷ್ಟು ಹತ್ತಿರ ನಡೆದು ಹೋಗುತ್ತಾರೆ. ಕಾದಂಬರಿಯಲ್ಲಿ ಯಾರೂ ಆ ಕಡೆ ತಿರುಗಿ ನೋಡುವುದಿಲ್ಲ. ಅದರಲ್ಲಿ ಅವರ ತಪ್ಪೇನೂ ಇಲ್ಲ. ಜಪಾನಿನಲ್ಲಿ ಕಥೋಲಿಕರು ನೂರಕ್ಕೆ ಅರ್ಧದಷ್ಟೂ ಇಲ್ಲ. ಆದರೆ ಎರಡು ಹೆಜ್ಜೆ ದೂರದಲ್ಲಿ ದೇವಾಲಯ ಇದ್ದೂ ಒಳಗೆ ಬರಲು ತೋಚದೆ ನಡೆದುಹೋಗುವ ದುಃಖಿಗಳು ಜಪಾನಿನಲ್ಲಿ ಮಾತ್ರ ಇದ್ದಾರೆಯೇ ಎಂದು ಯೋಚನೆ ಬಂತು.

ಅಂದಿನಿಂದ ಭಾನುವಾರ ಭಾನುವಾರ ಇಬ್ಬರೂ ಊರೆಲ್ಲ ಸುತ್ತುತ್ತಾರೆ. ಗುರಿಯಿಲ್ಲ, ಮಾತೂ ಕಡಿಮೆ. ಸತ್ತವನ ಹೆಸರು ಇಬ್ಬರೂ ಎತ್ತುವುದಿಲ್ಲ. ನಾವೊಕೊ ಮಾತಾಡಲು ಹೊರಟರೆ ಸರಿಯಾದ ಪದ ಅವಳಿಗೆ ಸಿಗುವುದಿಲ್ಲ. ಬೇಕಾದ ಪದ ತನ್ನಿಂದ ತಪ್ಪಿಸಿಕೊಂಡು ಓಡುತ್ತದೆ, ಬೇಡವಾದದ್ದೇ ಬಾಯಿಗೆ ಬರುತ್ತದೆ ಎಂದು ಅವಳೇ ಹೇಳಿಕೊಳ್ಳುತ್ತಾಳೆ. ನಾವು ಗುರುವಿದ್ಯಾಮಂದಿರದಲ್ಲಿ ಮನಶ್ಶಾಸ್ತ್ರದ ಪಾಠ ಓದಿದವರು, ಖಿನ್ನತೆಯ ಲಕ್ಷಣಗಳನ್ನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವರು. ಆದರೂ ಒಬ್ಬ ಮನುಷ್ಯಳ ಬಾಯಿಂದ ಪದಗಳೇ ಜಾರಿಹೋಗುವುದು ಎಂದರೆ ಏನೆಂದು ಈ ಹುಡುಗಿಯಿಂದ ತಿಳಿದಷ್ಟು ಆ ಪಾಠದಿಂದ ತಿಳಿದಿರಲಿಲ್ಲ.

ಅವಳ ನೋವು ಕಿಜುಕಿಯಿಂದ ಶುರುವಾದದ್ದೂ ಅಲ್ಲ. ಓದಿನಲ್ಲಿ ಆಟದಲ್ಲಿ ಎಲ್ಲದರಲ್ಲೂ ಮುಂದಿದ್ದ ಅಕ್ಕ ಒಬ್ಬಳಿದ್ದಳು. ಅವಳೂ 17ನೇ ವಯಸ್ಸಿನಲ್ಲೇ ಹಾಗೆ ಹೋದಳು. ಊಟಕ್ಕೆ ಕರೆಯಲು ಕೋಣೆಗೆ ಹೋಗಿ ಮೊದಲು ನೋಡಿದವಳು ಪುಟ್ಟ ನಾವೊಕೊ. ಆಮೇಲೆ ಮೂರು ದಿನ ಅವಳ ಬಾಯಿಂದ ಒಂದು ಮಾತು ಹೊರಡಲಿಲ್ಲ. ಈ ಅಕ್ಕನಿಗೆ ಆಗಾಗ ಎರಡು ಮೂರು ದಿನ ಮಂಕು ಕವಿಯುತ್ತಿತ್ತು, ಕೋಣೆ ಬಿಟ್ಟು ಬರುತ್ತಿರಲಿಲ್ಲ, ಆಮೇಲೆ ತಾನಾಗಿ ಸರಿಹೋಗುತ್ತಿದ್ದಳು. ಜಾಣ ಹುಡುಗಿ, ಸರಿಯಾಗುತ್ತಾಳೆ ಎಂದು ಮನೆಯವರು ಬಿಟ್ಟಿದ್ದರು. ಈ ಸಾಲುಗಳ ಹತ್ತಿರ ಪುಸ್ತಕ ಕೊಟ್ಟ ಹುಡುಗಿ ಪೆನ್ಸಿಲಿನಿಂದ ಒಂದು ಗೆರೆ ಎಳೆದಿದ್ದಳು.

ನಾವೊಕೊಗೆ ಇಪ್ಪತ್ತು ತುಂಬಿದ ರಾತ್ರಿ ಅವಳು ತಡೆಯಿಲ್ಲದೆ ಗಂಟೆಗಟ್ಟಲೆ ಮಾತಾಡುತ್ತಾಳೆ, ಆಮೇಲೆ ಅಳುತ್ತಾಳೆ. ಅಂದು ಇಬ್ಬರ ನಡುವೆ ನಡೆಯಬಾರದ್ದೂ ನಡೆಯುತ್ತದೆ. ಮುಂದೆ ಅವಳು ಓದು ಬಿಟ್ಟು, ಕ್ಯೋಟೋದ ಬೆಟ್ಟಗಳಾಚೆ ಇರುವ ಒಂದು ಆರೈಕೆ ಕೇಂದ್ರ ಸೇರುತ್ತಾಳೆ. ಆ ಕೇಂದ್ರದ ವರ್ಣನೆ ಓದುವಾಗ ನಮಗೆ ಹಳೆಯ ಮಠಗಳ ನೆನಪಾಯಿತು. ರೋಗಿಗಳೂ ಆರೈಕೆ ಮಾಡುವವರೂ ಒಟ್ಟಿಗೆ ಇರುತ್ತಾರೆ, ತರಕಾರಿ ಬೆಳೆಯುತ್ತಾರೆ, ಮೆತ್ತಗೆ ಮಾತಾಡುತ್ತಾರೆ. ಯಾರು ವೈದ್ಯ ಯಾರು ರೋಗಿ ಎಂದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ನಾವೊಕೊ ಜೊತೆ ಒಂದೇ ಮನೆಯಲ್ಲಿರುವ ರೇಕೊ ಎಂಬ ನಡುವಯಸ್ಸಿನ ಹೆಂಗಸು ಹಿಂದೆ ಪಿಯಾನೋ ಕಲಿತವಳು, ತಾನೂ ಮನಸ್ಸು ಮುರಿದು ಬಂದು ಏಳು ವರ್ಷದಿಂದ ಅಲ್ಲೇ ಇದ್ದಾಳೆ. ರಾತ್ರಿ ಗಿಟಾರ್ ನುಡಿಸುತ್ತಾಳೆ. 'ನಾರ್ವೇಜಿಯನ್ ವುಡ್' ಕೇಳಬೇಕೆಂದರೆ ನಾವೊಕೊ ಹುಂಡಿ ಡಬ್ಬಿಗೆ ನೂರು ಯೆನ್ ಹಾಕಬೇಕು, ಅದು ಅವರಿಬ್ಬರ ನಡುವಿನ ನಿಯಮ. ಆ ಹಾಡು ಕೇಳಿದರೆ ತಾನು ದಟ್ಟ ಕಾಡಿನಲ್ಲಿ ಒಬ್ಬಳೇ ದಾರಿ ತಪ್ಪಿದಂತೆ, ಚಳಿ, ಕತ್ತಲೆ, ಯಾರೂ ಬಿಡಿಸಲು ಬರುವುದಿಲ್ಲ ಎಂದು ಅನ್ನಿಸುತ್ತದಂತೆ ಅವಳಿಗೆ. ಆದರೂ ಕಾಸು ಹಾಕಿ ಅದನ್ನೇ ಕೇಳುತ್ತಾಳೆ.

ಈಗ ಬಾವಿಯ ವಿಷಯ. ಆ ಹುಲ್ಲುಗಾವಲಿನಲ್ಲಿ ನಡೆಯುವಾಗ ನಾವೊಕೊ ಒಂದು ಬಾವಿಯ ಮಾತು ತೆಗೆಯುತ್ತಾಳೆ. ಕಟ್ಟೆಯಿಲ್ಲ, ಬೇಲಿಯಿಲ್ಲ, ಬಾಯಿಗೆ ಹುಲ್ಲು ಮುಚ್ಚಿದೆ. ಆಳ ಎಷ್ಟೆಂದು ಯಾರಿಗೂ ಗೊತ್ತಿಲ್ಲ, ಎಲ್ಲಿದೆ ಎಂದೂ ಗೊತ್ತಿಲ್ಲ. ಬಿದ್ದವನು ಎಷ್ಟು ಕೂಗಿದರೂ ಮೇಲೆ ಕೇಳಿಸುವುದಿಲ್ಲ. ನಿನ್ನ ಹತ್ತಿರ ಇದ್ದಷ್ಟು ಹೊತ್ತು ನಾನು ಅದರಲ್ಲಿ ಬೀಳುವುದಿಲ್ಲ ಎಂದು ಅವಳು ವತನಬೆಗೆ ಹೇಳುತ್ತಾಳೆ. ಹಾಗಾದರೆ ಯಾವಾಗಲೂ ಹತ್ತಿರವೇ ಇರು ಎನ್ನುತ್ತಾನೆ ಅವನು. ಅದು ಆಗದ ಮಾತು, ಒಬ್ಬರು ಇನ್ನೊಬ್ಬರನ್ನು ಸದಾ ಕಾಯುತ್ತ ಕೂರಲು ಆಗುವುದಿಲ್ಲ ಎಂದು ಅವಳೇ ತಿಳಿಹೇಳುತ್ತಾಳೆ.

ಹಳ್ಳಿಯಲ್ಲಿ ಬೆಳೆದ ನಮಗೆ ಹಾಳು ಬಾವಿ ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ಆ ಕಡೆ ಹೋಗಬೇಡ ಎಂದು ಅಜ್ಜಿ ಹೆದರಿಸುತ್ತಿದ್ದ ಬಾವಿಗೆ ಒಂದು ಜಾಗ ಇತ್ತು, ಸುತ್ತ ಮುಳ್ಳು ಹಾಕಿರುತ್ತಿದ್ದರು. ಈ ಹುಡುಗಿಯ ಬಾವಿಗೆ ಜಾಗವೇ ಇಲ್ಲ. ಎಲ್ಲಿ ಕಾಲಿಟ್ಟರೂ ಅದೇ ಇರಬಹುದೆಂಬ ಭಯ. ಖಿನ್ನತೆ ಬಂದವರಿಗೆ "ಧೈರ್ಯ ತಂದುಕೋ, ನಿನಗೇನು ಕಡಿಮೆಯಾಗಿದೆ" ಎನ್ನುವ ನಾವು ಗಟ್ಟಿ ನೆಲದ ಮೇಲೆ ನಿಂತು ಮಾತಾಡುತ್ತಿರುತ್ತೇವೆ. ಅವರಿಗೆ ನೆಲದ ಮೇಲೇ ನಂಬಿಕೆ ಹೋಗಿರುತ್ತದೆ.

ಈ ನಡುವೆ ಟೋಕಿಯೋದಲ್ಲಿ ಮಿದೊರಿ ಎಂಬ ಇನ್ನೊಬ್ಬ ಹುಡುಗಿಯ ಪರಿಚಯವಾಗುತ್ತದೆ. ಬಾಯಿಬಡುಕಿ, ಅಡುಗೆಯಲ್ಲಿ ಗಟ್ಟಿಗಿತ್ತಿ, ಸಣ್ಣ ಪುಸ್ತಕದಂಗಡಿಯವರ ಮಗಳು. ತಾಯಿ ಮೆದುಳಿನ ಗೆಡ್ಡೆಯಿಂದ ತೀರಿಕೊಂಡಿದ್ದಾಳೆ, ತಂದೆಗೂ ಅದೇ ಕಾಯಿಲೆ. ಹೆಂಡತಿ ಸತ್ತಾಗ ಈ ತಂದೆ ಇಬ್ಬರು ಹೆಣ್ಣುಮಕ್ಕಳನ್ನು ಕೂರಿಸಿಕೊಂಡು, ಅವಳ ಬದಲು ನೀವಿಬ್ಬರು ಹೋಗಿದ್ದರೆ ಚೆನ್ನಾಗಿತ್ತು ಎಂದಿದ್ದ. ದುಃಖ ಮನುಷ್ಯನಿಂದ ಎಂಥ ಮಾತು ಆಡಿಸುತ್ತದೆ ನೋಡಿ. ಆ ಮಾತು ಕೇಳಿಸಿಕೊಂಡ ಮಗಳೇ ಈಗ ಆಸ್ಪತ್ರೆಯಲ್ಲಿ ಅವನ ಬಾಯಿ ಒರೆಸುತ್ತಾಳೆ, ಮಗ್ಗುಲು ಹೊರಳಿಸುತ್ತಾಳೆ.

ಒಂದು ಭಾನುವಾರ ವತನಬೆ ಅವಳ ಜೊತೆ ಆಸ್ಪತ್ರೆಗೆ ಹೋಗುತ್ತಾನೆ. ಅವಳ ಮುಖ ನೋಡಿ, ನೀನು ಎರಡು ಗಂಟೆ ಹೊರಗೆ ಸುತ್ತಾಡಿ ಬಾ, ನಾನು ನೋಡಿಕೊಳ್ಳುತ್ತೇನೆ ಎಂದು ಕಳಿಸುತ್ತಾನೆ. ಪರಿಚಯವೇ ಇಲ್ಲದ, ಮಾತು ಬಹುತೇಕ ನಿಂತುಹೋದ ಮುದುಕನ ಪಕ್ಕ ಒಬ್ಬನೇ ಕೂರುತ್ತಾನೆ. ಏನು ಮಾತಾಡುವುದು? ಭಾನುವಾರ ತಾನು ಬಟ್ಟೆ ಒಗೆದು ಇಸ್ತ್ರಿ ಮಾಡುತ್ತೇನೆ ಎಂದು ಹೇಳುತ್ತಾನೆ. ಕಾಲೇಜಿನಲ್ಲಿ ಓದುತ್ತಿರುವ ಗ್ರೀಕ್ ನಾಟಕದ ವಿಷಯ ಹೇಳುತ್ತಾನೆ. ಆಮೇಲೆ ಅವನಿಗೆ ಹಸಿವಾಗುತ್ತದೆ. ಅಲ್ಲಿದ್ದ ಸೌತೆಕಾಯಿ ತೊಳೆದು, ಒಣಗಿಸಿದ ಕಡಲ ಪಾಚಿಯ ಹಾಳೆಯಲ್ಲಿ ಸುತ್ತಿ, ಸೋಯಾ ಸಾರಿನಲ್ಲಿ ಅದ್ದಿ ಕಟಕಟ ತಿನ್ನುತ್ತಾನೆ. ಆ ಸದ್ದು ಕೇಳಿ ಮುದುಕನಿಗೂ ಬೇಕೆನ್ನಿಸುತ್ತದೆ. ಆಸ್ಪತ್ರೆಯ ಊಟ ಮುಟ್ಟದವನು ಒಂದು ಸೌತೆಕಾಯಿ ಪೂರ್ತಿ ತಿನ್ನುತ್ತಾನೆ. ಕೊನೆಗೆ ನಾಲ್ಕು ಪದ ಕಷ್ಟಪಟ್ಟು ಹೇಳುತ್ತಾನೆ, ಅದರಲ್ಲಿ ಮಗಳ ಹೆಸರೂ ಒಂದು. ಅವಳನ್ನು ನೋಡಿಕೋ ಎಂದು ತನಗೆ ಹೇಳುತ್ತಿದ್ದಾನೆ ಎಂದು ವತನಬೆ ಊಹಿಸುತ್ತಾನೆ. ಅದೇ ವಾರ ಮುದುಕ ತೀರಿಕೊಳ್ಳುತ್ತಾನೆ.

ನಾವು ಯಾಜಕರಾಗಿ ಎಷ್ಟೋ ರೋಗಿಗಳ ಹಾಸಿಗೆಯ ಪಕ್ಕ ನಿಂತಿದ್ದೇವೆ. ಎಣ್ಣೆ ಹಚ್ಚಿ, ಪ್ರಾರ್ಥನೆ ಹೇಳಿ, ಪರಮಪ್ರಸಾದ ಕೊಟ್ಟು, ಕೈಗಡಿಯಾರ ನೋಡಿ ಮುಂದಿನ ಮನೆಗೆ ಹೊರಟಿದ್ದೇವೆ. ಸಂಸ್ಕಾರ ಬೇಡವೆಂದು ಈ ಮಾತು ಹೇಳುತ್ತಿಲ್ಲ. ಸಂಸ್ಕಾರದ ಬಲ ನಮಗೆ ಗೊತ್ತು. ಆದರೆ ರೋಗಿಯನ್ನು ನೋಡಿಕೊಳ್ಳುತ್ತಿರುವ ಮಗಳ ಮುಖ ನೋಡಿ, "ಹೋಗಮ್ಮ, ಸ್ವಲ್ಪ ಹೊರಗೆ ಗಾಳಿಗೆ ಹೋಗಿ ಬಾ, ಒಂದು ಗಂಟೆ ನಾವು ಕೂತಿರುತ್ತೇವೆ" ಎಂದು ಎಷ್ಟು ಸಲ ಹೇಳಿದ್ದೇವೆ? ಲೆಕ್ಕ ಹಾಕಿದರೆ ಒಂದು ಕೈಯ ಬೆರಳು ಸಾಕು. ವಿನ್ಸೆಂಟ್ ಡಿ ಪೌಲ್ ಸಭೆಯ ನಮ್ಮ ಅಣ್ಣಂದಿರು, ಮರಿಯಮ್ಮನವರ ಸೇನೆಯ ಅಕ್ಕಂದಿರು ಈ ಮಾತನ್ನು ಗಮನಿಸಲಿ ಎಂದು ಕೇಳಿಕೊಳ್ಳುತ್ತೇವೆ.

ಇನ್ನು ನಾವೊಕೊ. ಅವಳಿಗೆ ಕಾಯಿಲೆ ಹೆಚ್ಚುತ್ತದೆ. ಇಲ್ಲದ ದನಿಗಳು ಕೇಳಿಸತೊಡಗುತ್ತವೆ, ಕಾಗದ ಬರೆಯಲೂ ಆಗುವುದಿಲ್ಲ. ದೊಡ್ಡ ಆಸ್ಪತ್ರೆಗೆ ಸೇರಿಸುತ್ತಾರೆ. ವತನಬೆ ಮಾತ್ರ ಕಾಗದದ ಮೇಲೆ ಕಾಗದ ಬರೆಯುತ್ತಲೇ ಇರುತ್ತಾನೆ. ಒಂದು ದಿನ ಅವಳು ರೇಕೊಳ ಹತ್ತಿರ ಬರುತ್ತಾಳೆ. ಮುಖದಲ್ಲಿ ಗೆಲುವು, ಬಾಯಲ್ಲಿ ತಮಾಷೆ, ವಾಸಿಯಾದ ಮೇಲೆ ಇಬ್ಬರೂ ಒಟ್ಟಿಗೆ ಬಾಳೋಣ ಎಂಬ ಮಾತು. ಬೆಳಗಾಗುವಷ್ಟರಲ್ಲಿ ಅವಳಿಲ್ಲ. ತನ್ನ ಬಟ್ಟೆಗಳನ್ನೆಲ್ಲ ರೇಕೊಗೆ ಕೊಡಿ ಎಂದಷ್ಟೇ ಚೀಟಿಯಲ್ಲಿತ್ತು.

ಇಲ್ಲಿ ಸ್ವಲ್ಪ ನಿಲ್ಲೋಣ. ಬಹಳ ದಿನ ಮಂಕಾಗಿದ್ದವರು ಇದ್ದಕ್ಕಿದ್ದಂತೆ ಹಗುರಾಗಿ, ತಮ್ಮ ವಸ್ತುಗಳನ್ನು ಅವರಿವರಿಗೆ ಹಂಚತೊಡಗಿದರೆ ಮನೆಯವರಿಗೆ ಸಮಾಧಾನವಾಗುತ್ತದೆ. ಅಬ್ಬಾ, ಸರಿಹೋದಳು ಎನ್ನುತ್ತೇವೆ. ಆದರೆ ವೈದ್ಯರು ಅದನ್ನು ಎಚ್ಚರಿಕೆಯ ಗುರುತು ಎಂದು ಹೇಳುತ್ತಾರೆ. ಗೆಲುವು ನಿಜವೇ ಇರಬಹುದು. ಆದರೂ ಒಬ್ಬರು ಜೊತೆಯಲ್ಲಿರಬೇಕು, ಬಾಯಿಬಿಟ್ಟು ಕೇಳಬೇಕು. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂಬ ಹೆದರಿಕೆ ತಪ್ಪು ಎಂದೂ ವೈದ್ಯರು ಹೇಳುತ್ತಾರೆ.

ಸುದ್ದಿ ತಿಳಿದ ವತನಬೆ ಬೆನ್ನಿಗೆ ಚೀಲ ಹಾಕಿಕೊಂಡು ಒಂದು ತಿಂಗಳು ಕಡಲ ದಂಡೆಗುಂಟ ಅಲೆಯುತ್ತಾನೆ. ಸಿಕ್ಕಲ್ಲಿ ಮಲಗುತ್ತಾನೆ, ಸಿಕ್ಕಿದ್ದು ಕುಡಿಯುತ್ತಾನೆ. ಒಂದು ದಿನ ಹಳೆಯ ದೋಣಿಯ ಮರೆಯಲ್ಲಿ ಕೂತು ಅಳುತ್ತಿರುವಾಗ ಒಬ್ಬ ಯುವ ಬೆಸ್ತ ಬರುತ್ತಾನೆ. ಯಾಕೆ ಅಳುತ್ತೀ ಎನ್ನುತ್ತಾನೆ. ನಿಜ ಹೇಳಲಾರದೆ, ಅಮ್ಮ ತೀರಿಕೊಂಡಳು ಎಂದುಬಿಡುತ್ತಾನೆ ವತನಬೆ. ಬೆಸ್ತ ಅದನ್ನು ನಂಬಿ, ಸತ್ತುಹೋದ ತನ್ನ ತಾಯಿಯ ಕತೆ ಶುರು ಮಾಡುತ್ತಾನೆ. ಆ ಕತೆ ಕೇಳುತ್ತ ವತನಬೆಗೆ ಸಿಟ್ಟು ಉಕ್ಕುತ್ತದೆ, ಅವನ ಕತ್ತು ಹಿಸುಕಿಬಿಡೋಣ ಎನ್ನುವಷ್ಟು. ಆದರೆ ಆ ಬೆಸ್ತ ಸುಮ್ಮನೆ ಹೋಗುವುದಿಲ್ಲ. ಎದ್ದು ಹೋಗಿ, ಕುಡಿಯಲು ಏನೋ, ತಿನ್ನಲು ಮೀನು ಅನ್ನದ ಪೊಟ್ಟಣ ತಂದು ಕೊಡುತ್ತಾನೆ. ಹೊರಡುವಾಗ ಐದು ಸಾವಿರ ಯೆನ್ ಕೈಗೆ ತುರುಕಿ, ಸರಿಯಾಗಿ ಉಣ್ಣು ಎನ್ನುತ್ತಾನೆ. ಬೇಡವೆಂದರೂ ಕೇಳುವುದಿಲ್ಲ.

ಈ ಬೆಸ್ತನೇ ನಮ್ಮ ನಿದ್ದೆ ಕೆಡಿಸಿದವನು.

ದೀಕ್ಷೆಯಾಗಿ ಎರಡು ವರ್ಷವೂ ಆಗಿರದ ದಿನಗಳು. ಒಬ್ಬ ತಾಯಿ ಗುರುನಿವಾಸದ ಬಾಗಿಲಿಗೆ ಬಂದಳು. ಹದಿನೈದು ದಿನದ ಹಿಂದೆ ಅವಳ ಮಗ ತನ್ನ ಪ್ರಾಣ ತೆಗೆದುಕೊಂಡಿದ್ದ. ಅಂತ್ಯಕ್ರಿಯೆಯನ್ನು ಬೇರೆ ಸ್ವಾಮಿಗಳು ಮಾಡಿದ್ದರು. ಒಳಗೆ ಕರೆದರೂ ಬರಲಿಲ್ಲ. ಮೆಟ್ಟಿಲ ಮೇಲೇ ನಿಂತು, "ಸ್ವಾಮಿ, ನನ್ನ ಮಗ ನರಕಕ್ಕೆ ಹೋದನಾ?" ಎಂದು ಕೇಳಿದಳು.

ನಮಗೆ ಉತ್ತರ ಗೊತ್ತಿತ್ತು. ಗೊತ್ತಿದ್ದದ್ದೇ ತೊಂದರೆಯಾಯಿತು. 1917ರ ಧರ್ಮಸಭೆಯ ಕಾನೂನು ಬುದ್ಧಿಪೂರ್ವಕವಾಗಿ ಆತ್ಮಹತ್ಯೆ ಮಾಡಿಕೊಂಡವರಿಗೆ ಕ್ರೈಸ್ತ ಅಂತ್ಯಕ್ರಿಯೆಯನ್ನು ನಿರಾಕರಿಸುತ್ತಿತ್ತು, 1983ರ ಹೊಸ ಕಾನೂನಿನ ಆ ಪಟ್ಟಿಯಲ್ಲಿ ಅವರ ಹೆಸರೇ ಇಲ್ಲ ಎಂದೆವು. 1992ರ ಧರ್ಮೋಪದೇಶ ಗ್ರಂಥ ಇದನ್ನು ಗಂಭೀರ ತಪ್ಪೆಂದೇ ಹೇಳುತ್ತದೆ, ಆದರೆ ತೀವ್ರ ಮಾನಸಿಕ ತೊಂದರೆ, ಸಂಕಟ, ಭಯ ಇದ್ದಲ್ಲಿ ಹೊಣೆ ಕಡಿಮೆಯಾಗುತ್ತದೆ, ಅಂಥವರ ನಿತ್ಯರಕ್ಷಣೆಯ ಬಗ್ಗೆ ನಿರಾಶರಾಗಬಾರದು, ಧರ್ಮಸಭೆ ಅವರಿಗಾಗಿ ಪ್ರಾರ್ಥಿಸುತ್ತದೆ ಎಂದು ಕಲಿಸುತ್ತದೆ ಎಂದೆವು. ಕಂಡಿಕೆಗಳ ಸಂಖ್ಯೆಯನ್ನೂ ಹೇಳಿದೆವೋ ಏನೋ. ಎಲ್ಲವೂ ಸರಿಯಾದ ಮಾತೇ, ಇವತ್ತಿಗೂ ಅದನ್ನೇ ಹೇಳುತ್ತೇವೆ. ಆಕೆ ಪೂರ್ತಿ ಕೇಳಿಸಿಕೊಂಡು, ಸೆರಗು ಸರಿಮಾಡಿಕೊಂಡು, "ಬರ್ತೀನಿ ಸ್ವಾಮಿ" ಎಂದು ಹೋದಳು. ಮಧ್ಯಾಹ್ನದ ಬಿಸಿಲು. ಒಂದು ಲೋಟ ನೀರು ಕುಡಿಯುತ್ತೀಯಾ ತಾಯಿ ಎಂದು ನಾವು ಕೇಳಿರಲಿಲ್ಲ. ಮಗನ ಹೆಸರೇನು ಎಂದೂ ಕೇಳಿರಲಿಲ್ಲ.

ಬೆಸ್ತನ ಮಾತೂ ನಮ್ಮ ಮಾತಿನಂತೆಯೇ ಉಪಯೋಗಕ್ಕೆ ಬರಲಿಲ್ಲ. ಅವನ ಕೈಯ ಪೊಟ್ಟಣ ಬಂತು. ಯೋಬನ ಗೆಳೆಯರ ಕತೆಯೂ ಹೀಗೇ ಅಲ್ಲವೇ? ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಬಾಯಿ ಮುಚ್ಚಿ ಕೂತಿದ್ದಾಗ ಅವರು ಒಳ್ಳೆಯ ಗೆಳೆಯರಾಗಿದ್ದರು. ಬಾಯಿ ತೆರೆದ ಮೇಲೆ ಕೆಟ್ಟರು. ಪ್ರವಾದಿ ಎಲೀಯ ಇನ್ನು ಸಾಕು, ಪ್ರಾಣ ತೆಗೆದುಕೋ ಎಂದು ಪೊದೆಯ ಕೆಳಗೆ ಮಲಗಿದಾಗ ದೇವದೂತನು ಅವನಿಗೆ ಪ್ರಸಂಗ ಮಾಡಲಿಲ್ಲ. ಬಿಸಿ ರೊಟ್ಟಿ, ಕುಡಿಯಲು ನೀರು ಇಟ್ಟು ತಟ್ಟಿ ಎಬ್ಬಿಸಿದನು. ತಿಂದು ಅವನು ಮತ್ತೆ ಮಲಗಿದನು. ಸುಮ್ಮನೆ ಬಿಟ್ಟು, ಎರಡನೇ ಸಲ ಎಬ್ಬಿಸಿದನು. ದಾರಿ ದೂರ ಇದೆ ಎಂಬ ಮಾತು ಬಂದದ್ದು ಆಗ. ಅರಸುಗಳ ಮೊದಲನೆಯ ಗ್ರಂಥದ 19ನೇ ಅಧ್ಯಾಯವನ್ನು ಈ ಕಣ್ಣಿನಿಂದ ಇನ್ನೊಮ್ಮೆ ಓದಿ ನೋಡಿ. ಜೊತೆಗೆ 88ನೇ ಕೀರ್ತನೆಯನ್ನೂ ಓದಿ. ಬೇರೆ ಶೋಕಗೀತೆಗಳಂತೆ ಅದು ಕೊನೆಗೆ ಸ್ತುತಿಗೆ ತಿರುಗುವುದಿಲ್ಲ, ಕತ್ತಲೆಯಲ್ಲೇ ನಿಂತುಬಿಡುತ್ತದೆ. ಆದರೂ ಧರ್ಮಸಭೆ ಅದನ್ನು ರಾತ್ರಿಯ ಪ್ರಾರ್ಥನೆಯಲ್ಲಿ ಇಟ್ಟುಕೊಂಡಿದೆ, ಯಾಜಕರು ಪ್ರತಿ ಶುಕ್ರವಾರ ಮಲಗುವ ಮುನ್ನ ಅದನ್ನು ಹೇಳುತ್ತೇವೆ.

ಅರ್ಸಿನ ಸಂತ ಜಾನ್ ಮರಿಯ ವಿಯಾನ್ನಿಯವರ ಚರಿತ್ರೆಯಲ್ಲಿ ಒಂದು ಪ್ರಸಂಗ ಹೇಳುತ್ತಾರೆ. ಗಂಡ ಸೇತುವೆಯಿಂದ ಹಾರಿ ಸತ್ತ ಒಬ್ಬ ವಿಧವೆ ಜನರ ಗುಂಪಿನಲ್ಲಿ ನಿಂತಿದ್ದಳು. ಸಂತರು ಅವಳ ಹತ್ತಿರ ಬಂದು, ಸೇತುವೆಗೂ ನೀರಿಗೂ ನಡುವೆ ಅವನಿಗೆ ಪಶ್ಚಾತ್ತಾಪ ಪಡಲು ಸಮಯವಿತ್ತು ಎಂದರಂತೆ. ಆ ತಾಯಿಗೆ ನಾವು ಇಷ್ಟನ್ನೇ ಹೇಳಬಹುದಾಗಿತ್ತು.

ಕಾದಂಬರಿಯ ಕೊನೆಯಲ್ಲಿ ರೇಕೊ ಆ ಕೇಂದ್ರ ಬಿಟ್ಟು ವತನಬೆಯ ಮನೆಗೆ ಬರುತ್ತಾಳೆ. ನಾವೊಕೊಳ ಬಟ್ಟೆಯನ್ನೇ ಉಟ್ಟಿರುತ್ತಾಳೆ. ನಡೆದ ಅಂತ್ಯಕ್ರಿಯೆ ತೀರ ಒಣಗಿತ್ತು, ನಾವು ಸರಿಯಾದದ್ದೊಂದು ಮಾಡೋಣ ಎಂದು ಗಿಟಾರ್ ಹಿಡಿದು ಅವಳು ಒಂದರ ಹಿಂದೊಂದು ಹಾಡು ನುಡಿಸುತ್ತಾಳೆ, ವತನಬೆ ಒಂದೊಂದಕ್ಕೆ ಒಂದೊಂದು ಬೆಂಕಿಕಡ್ಡಿ ಇಟ್ಟು ಲೆಕ್ಕ ಮಾಡುತ್ತಾನೆ. ಐವತ್ತಕ್ಕೂ ಒಂದು ಹೆಚ್ಚು. ಜಪಸರದ ಐವತ್ತು ಮಣಿ ಎಣಿಸುವ ನಮಗೆ ಆ ಬೆಂಕಿಕಡ್ಡಿಗಳ ಸಾಲು ನೋಡಿ ಏನನ್ನಿಸಿತೆಂದು ಬೇರೆ ಹೇಳಬೇಕಾಗಿಲ್ಲ. ಆಮೇಲೆ ನಡೆಯುವುದನ್ನು ನಾವು ಒಪ್ಪುವುದಿಲ್ಲ, ಬಿಟ್ಟುಬಿಡೋಣ. ದೇವರ ಹೆಸರು ಗೊತ್ತಿಲ್ಲದ ಇಬ್ಬರು ಸತ್ತವಳಿಗಾಗಿ ಏನಾದರೂ ಮಾಡಲೇಬೇಕೆಂದು ರಾತ್ರಿಯೆಲ್ಲ ಒದ್ದಾಡುವುದಂತೂ ಸುಳ್ಳಲ್ಲ. ನಮಗೆ ಬಲಿಪೂಜೆ ಇದೆ. ಸತ್ತವರಿಗೂ ನಮಗೂ ನಡುವಿನ ಬಾಗಿಲು ಮುಚ್ಚಿಲ್ಲ ಎಂದು ನಾವು ನಂಬಿದವರು. ಹಾಗಿದ್ದೂ ಕೆಲವರ ಹೆಸರನ್ನು ನಾವು ಮೆತ್ತಗೆ, ನಾಚಿಕೆಯಿಂದ ಹೇಳುತ್ತೇವೆ, ಅಥವಾ ಹೇಳುವುದೇ ಇಲ್ಲ. ಹಿಂದಿನ ಕಾಲದಲ್ಲಿ ಅಂಥವರಿಗೆ ಗಂಟೆ ಹೊಡೆಯುತ್ತಿರಲಿಲ್ಲ, ಸಮಾಧಿ ಭೂಮಿಯ ಬೇಲಿಯಾಚೆ ಹೂಳುತ್ತಿದ್ದರು ಎಂದು ಹಿರಿಯರು ಹೇಳುತ್ತಾರೆ. ಆ ಬೇಲಿ ಈಗ ಕಾನೂನಿನಲ್ಲಿಲ್ಲ.

ಜಪಾನಿನ ವಿಷಯ ಹೇಳುವುದಾದರೆ, ಅಲ್ಲಿ 1998ರಿಂದ 2011ರ ವರೆಗೆ ಪ್ರತಿ ವರ್ಷ 30,000ಕ್ಕೂ ಹೆಚ್ಚು ಜನ ಹೀಗೆ ಪ್ರಾಣ ಕಳೆದುಕೊಂಡರು. 2003ರಲ್ಲಿ 34,427. ಅದು ಮನೆಯೊಳಗಿನ ನಾಚಿಕೆಯ ವಿಷಯ ಎಂದು ಸುಮ್ಮನಿದ್ದ ಸರ್ಕಾರ 2006ರಲ್ಲಿ ಇದಕ್ಕೆಂದೇ ಒಂದು ಕಾನೂನು ಮಾಡಿತು. ತಂದೆ ತಾಯಿಯನ್ನು ಹೀಗೆ ಕಳೆದುಕೊಂಡ ಮಕ್ಕಳು ಮುಖ ಮುಚ್ಚಿಕೊಳ್ಳದೆ ಹೊರಗೆ ಬಂದು ಮಾತಾಡಿದ್ದೂ ಅದಕ್ಕೆ ಒಂದು ಕಾರಣ. 2012ರಲ್ಲಿ ಸಂಖ್ಯೆ 30,000ದ ಕೆಳಗೆ ಇಳಿಯಿತು, 2019ರಲ್ಲಿ 20,169ಕ್ಕೆ ಬಂತು. ನಮ್ಮ ದೇಶದಲ್ಲೂ 2017ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ, ಪ್ರಯತ್ನಿಸಿ ಬದುಕುಳಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು. ಪೊಲೀಸರಿಗೆ ಹೆದರಿ ಆಸ್ಪತ್ರೆಗೆ ಕರೆದೊಯ್ಯದೆ ಇರುವ ಕಾರಣವಿಲ್ಲ.

ಪುಸ್ತಕ ಮುಗಿಸಿದ ಮೂರನೇ ದಿನ ಆ ಹುಡುಗಿಗೆ ಫೋನ್ ಮಾಡಿದೆವು. ಕತೆಯ ಬಗ್ಗೆ ಏನೇನೋ ಮಾತಾಡಿದೆವು. ಆಮೇಲೆ ಧೈರ್ಯ ಮಾಡಿ ಕೇಳಿದೆವು: "ಮಗಳೇ, ನಿನಗೂ ಹಾಗೆ ಅನ್ನಿಸುತ್ತಿದೆಯಾ, ಬದುಕುವುದು ಬೇಡ ಅಂತ?" ಆ ಕಡೆ ತುಂಬ ಹೊತ್ತು ಮಾತಿಲ್ಲ. ನಾವೂ ಸುಮ್ಮನಿದ್ದೆವು. ಆ ತಾಯಿಯಿಂದ ಅಷ್ಟಾದರೂ ಕಲಿತಿದ್ದೆವು.

"ಹೋದ ವರ್ಷ ಅನ್ನಿಸ್ತಿತ್ತು ಸ್ವಾಮಿ. ಈಗ ಡಾಕ್ಟರ ಹತ್ರ ಹೋಗ್ತಿದ್ದೀನಿ. ಮಾತ್ರೆ ತಗೋತಿದ್ದೀನಿ. ಅಮ್ಮನಿಗೆ ಗೊತ್ತಿಲ್ಲ. ಗೊತ್ತಾದ್ರೆ ಮೊದಲು ಜಪಸರ ಸರಿಯಾಗಿ ಹೇಳ್ತಿಲ್ಲ ಅಂತಾರೆ."

"ಅಮ್ಮನ ಹತ್ತಿರ ನಾವು ಮಾತಾಡಲಾ?"

"ನಾನೇ ಹೇಳ್ತೀನಿ. ನೀವು ಪಕ್ಕದಲ್ಲಿ ಇರಿ."

ಹಾಗೆಯೇ ಆಯಿತು. ಆ ದಿನ ಅಡುಗೆಮನೆಯಲ್ಲಿ ತಾಯಿ ಮಗಳ ನಡುವೆ ಏನು ನಡೆಯಿತು ಎಂಬುದು ಅವರದು. ತಾಯಿ ಮೊದಲು ಸಿಟ್ಟಾದರು, ಆಮೇಲೆ ಅತ್ತರು, ಆಮೇಲೆ ಮಾತ್ರೆಯನ್ನು ಊಟಕ್ಕೆ ಮುಂಚೆಯೋ ಊಟವಾದ ಮೇಲೋ ಎಂದು ಕೇಳಿದರು. ಇಷ್ಟನ್ನು ಇಬ್ಬರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ. ಅವರು ಈ ಧರ್ಮಕೇಂದ್ರದವರಲ್ಲ, ಯಾರಿರಬಹುದು ಎಂದು ಹುಡುಕಲು ಹೋಗಬೇಡಿ.

ನಿದ್ದೆ ಹೋಗಿದೆ, ಊಟ ಸೇರುತ್ತಿಲ್ಲ, ಯಾವುದರಲ್ಲೂ ಆಸೆಯಿಲ್ಲ, ಎರಡು ವಾರ ಕಳೆದರೂ ಮಂಕು ಬಿಡುತ್ತಿಲ್ಲ ಎಂದಾದರೆ ವೈದ್ಯರನ್ನು ಕಾಣಿ. ಮಾತ್ರೆ ಕೆಲಸ ಮಾಡಲು ಕೆಲವು ವಾರ ಹಿಡಿಯುತ್ತದೆ. ಎರಡು ದಿನಕ್ಕೆ ಗುಣ ಕಾಣಲಿಲ್ಲವೆಂದಾಗಲಿ, ಗುಣವಾಯಿತೆಂದಾಗಲಿ ನೀವಾಗಿ ನಿಲ್ಲಿಸಬೇಡಿ. ಪ್ರಾರ್ಥನೆ ಬಿಡಬೇಡಿ, ಆದರೆ ಸಕ್ಕರೆ ಕಾಯಿಲೆಗೆ ಜಪಸರ ಹೇಳುತ್ತ ಮಾತ್ರೆಯನ್ನೂ ನುಂಗುತ್ತೇವಲ್ಲ, ಹಾಗೆ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗಲಾದರೂ ಕರೆ ಮಾಡಬಹುದು, ಕಾಸು ಕೊಡಬೇಕಾಗಿಲ್ಲ. ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಮಾತಾಡುತ್ತಾರೆ. ಮನೆಯಲ್ಲೊಂದು ಭಾಷೆ, ಆಸ್ಪತ್ರೆಯಲ್ಲೊಂದು ಭಾಷೆ ಎಂದು ಬದುಕುವ ಗಡಿಯವರಾದ ನಮಗೆ ಇದು ಸಣ್ಣ ವಿಷಯವಲ್ಲ. ತನ್ನ ಭಾಷೆಯಲ್ಲೇ ಪದ ಸಿಗದವರು ಬೇರೆ ಭಾಷೆಯಲ್ಲಿ ನೋವನ್ನು ಹೇಗೆ ಹೇಳಿಕೊಂಡಾರು?

ನವೆಂಬರ್ 2 ಸಕಲ ಮೃತರ ದಿನ, ನಮ್ಮ ಹಿರಿಯರ ಮಾತಿನಲ್ಲಿ ಕಲ್ಲರೆ ಹಬ್ಬ. ತಿಂಗಳು ಪೂರ್ತಿ ಬಲಿಪೂಜೆಯಲ್ಲಿ ಮೃತರ ಹೆಸರುಗಳನ್ನು ಓದುತ್ತೇವೆ. ಎಂದಿನಂತೆ ಪಟ್ಟಿಯ ಪುಸ್ತಕ ದೇವಾಲಯದ ಬಾಗಿಲ ಬಳಿ ಇರುತ್ತದೆ. ಇಷ್ಟು ವರ್ಷ ಬರೆಯದೆ ಬಿಟ್ಟ ಹೆಸರು ಯಾವುದಾದರೂ ನಿಮ್ಮ ಮನೆಯಲ್ಲಿದ್ದರೆ ಈ ಸಲ ಬರೆಯಿರಿ. ಮೊದಲ ಪುಟದಲ್ಲಿ ನಾವು ಒಂದು ಹೆಸರು ಬರೆದಿದ್ದೇವೆ. ಹಳೆಯ ಮೃತರ ದಾಖಲೆ ಪುಸ್ತಕ ತರಿಸಿ ನೋಡಿ, ಆ ತಾಯಿಯ ಮಗನ ಹೆಸರು ಏನೆಂದು ಈಗ ತಿಳಿದುಕೊಂಡೆವು.